ಕೇಳಿ ತೆಗೆದ ಕಲ್ಲಿನ ಚೂರು

ಸಾಂತಿಯಾಗೊ ವಿಮಾನ ನಿಲ್ದಾಣ

ಚಿಲಿ ದೇಶದಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ನಾಯಿ. ಬೆನ್ನಿಗೆ ಹಸಿರು ಕೋಟು ತೊಟ್ಟ ಸರಕಾರಿ ನಾಯಿ. ಸಾಲಿನಲ್ಲಿದ್ದ ಎಲ್ಲರ ಚೀಲಗಳನ್ನು ದಾಟಿ ಬಂದು ನನ್ನ ಚೀಲದ ಮುಂದೆ ಕೂತುಬಿಟ್ಟಿತು. ಬೊಗಳಲಿಲ್ಲ, ಮುಟ್ಟಲಿಲ್ಲ. ಸುಮ್ಮನೆ ಕೂತು ನನ್ನ ಮುಖ ನೋಡಿತು. ಒಣಮೀನನ್ನು ಎಷ್ಟು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೂ ಅದು ಒಣಮೀನೇ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಧಿಕಾರಿಗಳು ಮೀನು ತೆಗೆದರು, ಒಣಗಿಸಿದ ನುಗ್ಗೆಸೊಪ್ಪು ತೆಗೆದರು. ಆಮೇಲೆ ಪುನರ್ಪುಳಿಯ ಪೊಟ್ಟಣ ಅವರ ಕೈಗೆ ಸಿಕ್ಕಿತು. ಕಪ್ಪಗೆ ಮುದುಡಿದ ಆ ಸಿಪ್ಪೆಗಳನ್ನು ಒಬ್ಬ ಮೂಸಿದ, ಇನ್ನೊಬ್ಬಳು ಮೂಸಿದಳು, ಮೂರನೆಯವನನ್ನು ಕರೆಸಿ ಅವನಿಗೂ ಮೂಸಿಸಿದರು. ಇದೇನು ಎಂದು ಕೇಳಿದರು. ಸಾರು ಮಾಡುತ್ತೇವೆ, ಶರಬತ್ತು ಮಾಡುತ್ತೇವೆ, ಪಿತ್ತಕ್ಕೆ ಒಳ್ಳೆಯದು ಎಂದು ಕೈಸನ್ನೆಯಲ್ಲಿ ಹೇಳಿದೆ. ಪಿತ್ತವನ್ನು ಸನ್ನೆಯಲ್ಲಿ ಹೇಳುವುದು ಹೇಗೆಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಕಸದ ಡಬ್ಬಕ್ಕೆ ಹಾಕಿ, ಕುಚ್ಚಲಕ್ಕಿಯನ್ನು ಮಾತ್ರ ಬಿಟ್ಟುಕೊಟ್ಟರು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ಸುಗಂಧಿ, ಮನೆ ಮಂಗಳೂರಿನ ಬಿಜೈಯಲ್ಲಿ. ಅತ್ತಾವರದ ಒಂದು ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಹಚ್ಚಿ, ಬಣ್ಣ ಹಾಕಿ ಡಾಕ್ಟರರ ಮುಂದಿಡುವುದು ನನ್ನ ಕೆಲಸವಾಗಿತ್ತು. ತಂಗಿ ಶಶಿಕಲಾ ಭೂವಿಜ್ಞಾನಿ. ನೆಲದಡಿಯಲ್ಲಿ ತಾಮ್ರ ಹುಡುಕುವುದು ಅವಳ ಉದ್ಯೋಗ. ಮೊದಲು ಆಫ್ರಿಕಾದಲ್ಲಿ ಹುಡುಕಿದಳು, ಈಗ ಚಿಲಿಯಲ್ಲಿ. ಜೂನ್ ಮೊದಲ ವಾರ, ಮಳೆ ಹಿಡಿದಿದ್ದಾಗ, ಅವಳ ಫೋನು ಬಂತು.

"ಬಂಡೆಯಿಂದ ಜಾರಿದೆ ಅಕ್ಕ. ಬಲಗೈ ಪ್ಲಾಸ್ಟರಿನಲ್ಲಿ ಉಂಟು. ಜಡೆ ಹಾಕಲಿಕ್ಕೂ ಆಗುವುದಿಲ್ಲ. ನೀನು ಬಾ."

ತಂಗಿಗೆ ಜಡೆ ಹಾಕಲು ಭೂಮಿಯ ಆಚೆ ಬದಿಗೆ ಹೋದವಳು ಮಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ಹೆಸರು ಹೇಳಬಾರದ ಊರು

ಶಶಿ ಇದ್ದ ಊರು ಉತ್ತರದ ಮರುಭೂಮಿಯಲ್ಲಿ, ಎತ್ತರದಲ್ಲಿ. ಹೆಸರು ಬರೆಯಬಾರದೆಂದು ತಾಕೀತು ಮಾಡಿದ್ದಾಳೆ. ಬೇರೆ ಕಂಪೆನಿಯವರ ಕಿವಿಗೆ ಬೀಳಬಾರದಂತೆ. ಬಿಜೈಯ ನೆರೆಮನೆಯವರು ಹೋಗಿ ಅಲ್ಲಿ ಬಾವಿ ತೋಡುತ್ತಾರೋ ಎಂಬಂತೆ ಮಾತಾಡುತ್ತಾಳೆ.

ಅಲ್ಲಿ ನನಗೆ ದಿಕ್ಕೇ ತಿಳಿಯಲಿಲ್ಲ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ದಿಕ್ಕು ತಪ್ಪಿತ್ತು. ಮಧ್ಯಾಹ್ನ ಸೂರ್ಯ ಉತ್ತರದಲ್ಲಿ ನಿಲ್ಲುತ್ತಾನೆ. ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ ತಿಂಗಳೆಂದರೆ ಚಳಿಗಾಲ. ಊರಲ್ಲಿ ಆ ತಿಂಗಳು ಒಗೆದ ಬಟ್ಟೆ ವಾರಗಟ್ಟಲೆ ಒಣಗದೆ ನಾರುತ್ತದೆ. ಇಲ್ಲಿ ಒಂದು ಬೆಡ್‌ಶೀಟು ಹಾಕಿ ಎರಡನೆಯದನ್ನು ಹಿಂಡುವಷ್ಟರಲ್ಲಿ ಮೊದಲನೆಯದು ಹಪ್ಪಳದ ಹಾಗೆ ಸೆಟೆದುಕೊಂಡಿರುತ್ತದೆ. ನನ್ನ ತುಟಿ ಒಡೆಯಿತು, ಮೂಗಿನಲ್ಲಿ ರಕ್ತ ಬಂತು. ಅಷ್ಟು ಕಷ್ಟಪಟ್ಟು ತಂದ ಕುಚ್ಚಲಕ್ಕಿ ಬೇಯಲೇ ಇಲ್ಲ. ಆ ಎತ್ತರದಲ್ಲಿ ನೀರು ಕುದಿಯುತ್ತದೆ, ಆದರೆ ಬಿಸಿ ಸಾಲುವುದಿಲ್ಲವಂತೆ. ಕುದಿಯುವ ನೀರು ಬಿಸಿಯಲ್ಲ ಎಂದರೆ ಏನೆಂದು ತಿಳಿದುಕೊಳ್ಳಬೇಕು?

ಮನೆಯಲ್ಲಿ ನಮ್ಮ ಜೊತೆ ಎಲ್ಸಾ ಇದ್ದಳು. ನನ್ನದೇ ವಯಸ್ಸು. ಶಶಿಯ ಕಂಪೆನಿಗೆ ಜೀಪು ಓಡಿಸುವವಳೂ ಅವಳೇ, ಅಡುಗೆ ಮಾಡುವವಳೂ ಅವಳೇ. ಪಕ್ಕದ ಕಣಿವೆಯಲ್ಲಿ ಅವಳ ಮನೆಯವರ ಆಡುಗಳಿದ್ದವು. ಮೊದಲ ದಿನವೇ ನನ್ನ ಎರಡು ಭುಜ ಹಿಡಿದು ಕೆನ್ನೆಗೆ ಮುತ್ತು ಕೊಟ್ಟಳು. ನಾನು ಕೈಮುಗಿಯಲು ಎತ್ತಿದ್ದ ಕೈ ಅವಳ ಗಲ್ಲಕ್ಕೆ ಬಡಿಯಿತು. ಸಂಜೆ ಚಹಾಕ್ಕೆ ಬ್ರೆಡ್ಡಿನ ಮೇಲೆ ಬಟರ್ ಫ್ರೂಟ್ ಅರೆದು, ಉಪ್ಪು ಹಾಕಿ ಕೊಟ್ಟಳು. ನಾನು ಸಕ್ಕರೆ ಕೇಳಿದೆ. ಹಾಲು, ಸಕ್ಕರೆ ಹಾಕಿ ಜ್ಯೂಸು ಮಾಡಿ ಕುಡಿಯುತ್ತೇವೆ ಎಂದು ಶಶಿ ವಿವರಿಸಿದಾಗ ಎಲ್ಸಾ ನನ್ನನ್ನು ನೋಡಿದ ನೋಟ, ಪುನರ್ಪುಳಿ ಮೂಸಿದ ಅಧಿಕಾರಿಯ ನೋಟವೇ. ಅವಳಿಗೆ ಸ್ಪ್ಯಾನಿಷ್, ನನಗೆ ತುಳು. ನಡುವೆ ಶಶಿ ಇದ್ದರೆ ಮಾತು, ಇಲ್ಲದಿದ್ದರೆ ನಗು.

ಹಸಿರು ಗುಡ್ಡಗಳ ನಡುವೆ

ಶಶಿ ತಾಮ್ರ ಹುಡುಕುವ ಕ್ರಮ ನನಗೆ ಕೊನೆಯವರೆಗೂ ಪೂರ್ತಿ ತಲೆಗೆ ಹೋಗಲಿಲ್ಲ. ಹೋದಷ್ಟನ್ನು ಹೇಳುತ್ತೇನೆ.

ಅಲ್ಲಿ ಮೈಲುಗಟ್ಟಲೆ ಜಲ್ಲಿಕಲ್ಲಿನ ಬಯಲು. ಅದರಡಿ ಎಲ್ಲೋ ತಾಮ್ರದ ಅದಿರು ಇರಬಹುದೆಂದು ಅವರ ಅಂದಾಜು. ಮೇಲೆ ಒಂದು ಗುರುತೂ ಇಲ್ಲ. ಬಯಲಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಬಂಡೆ ತಲೆ ಎತ್ತಿದೆ. ಆ ಬಂಡೆಗಳಿಗೆ ಮಾಸಲು ಹಸಿರು ಬಣ್ಣ. ಆ ಹಸಿರಿನಲ್ಲಿ ಎರಡು ಖನಿಜಗಳಿವೆ. ಪಿಸ್ತಾ ಬಣ್ಣದ್ದು ಎಪಿಡೋಟ್, ಕಡುಹಸಿರಿನದು ಕ್ಲೋರೈಟ್.

"ಹಸಿರು ಅಂದ್ರೆ ತಾಮ್ರ, ಅಲ್ವಾ?" ಎಂದೆ. ನಮ್ಮ ಮನೆಯ ತಾಮ್ರದ ಹಂಡೆ ಹಸಿರುಗಟ್ಟುವುದನ್ನು ನೋಡಿದವಳು ನಾನು.

"ಅಲ್ಲ. ಇದರಲ್ಲಿ ತಾಮ್ರ ಇಲ್ಲ."

"ಇಲ್ಲದ ಕಲ್ಲನ್ನು ಎಂತಕ್ಕೆ ಒಡೆಯುವುದು ಮಾರಾಯ್ತಿ?"

ಶಶಿ ನಿಟ್ಟುಸಿರು ಬಿಟ್ಟು, ಅಡುಗೆಮನೆಯ ಭಾಷೆಗೆ ಇಳಿದಳು. "ಭೂಮಿಯ ಒಳಗೆ ಒಂದು ಒಲೆ ಇತ್ತು ಅಂತ ತಿಳ್ಕೋ. ತಾಮ್ರ ಬೆಂದದ್ದು ಅದರ ಹತ್ತಿರ. ಈಗ ಒಲೆ ಕಾಣುವುದಿಲ್ಲ, ಹುಗಿದು ಹೋಗಿದೆ. ಆದ್ರೆ ಗೋಡೆಗಳು ಉಂಟು. ಒಲೆಯ ಹತ್ತಿರದ ಗೋಡೆಗೆ ಮಸಿ, ದೂರದ ಗೋಡೆಗೆ ಬರೇ ಹೊಗೆ. ನಾನು ನೋಡುವುದು ಗೋಡೆ."

ಮಸಿ ಎಂದರೆ ಟೈಟೇನಿಯಂ. ಒಲೆಯ ಹತ್ತಿರದ ಕ್ಲೋರೈಟಿನಲ್ಲಿ ಅದು ಹೆಚ್ಚು. ಹೊಗೆ ಎಂದರೆ ಆರ್ಸೆನಿಕ್ ಮತ್ತು ಆಂಟಿಮನಿ. ಅವು ದೂರ ಹೋಗಿ ಎಪಿಡೋಟಿನಲ್ಲಿ ಕೂರುತ್ತವೆ. ಕಲ್ಲಿನ ಚೂರನ್ನು ದೂರದ ಲ್ಯಾಬಿಗೆ ಕಳಿಸಿದರೆ ಅವರು ಒಂದೊಂದು ಕಣಕ್ಕೆ ಲೇಸರ್ ಬಿಟ್ಟು, ಎದ್ದ ಆವಿಯಲ್ಲಿ ಯಾವುದು ಎಷ್ಟಿದೆ ಎಂದು ಹೇಳುತ್ತಾರೆ. ಎಲ್ಲ ಬಂಡೆಗಳ ಉತ್ತರವನ್ನು ನಕ್ಷೆಯ ಮೇಲೆ ಇಟ್ಟರೆ ಒಲೆಯ ಜಾಗ ತಿಳಿಯುತ್ತದೆ.

"ಹಾಗಾದ್ರೆ ಆರ್ಸೆನಿಕ್ ಹೆಚ್ಚು ಇದ್ರೆ ಒಳ್ಳೆಯದಾ, ಕೆಟ್ಟದಾ?"

"ದೊಡ್ಡ ಒಲೆ ಉಂಟು ಅಂತ ಅರ್ಥ. ಇಲ್ಲಿ ಅಲ್ಲ ಅಂತಲೂ ಅರ್ಥ."

ಆಸ್ಪತ್ರೆಯಲ್ಲಿ ಹೀಗೆ ರಿಪೋರ್ಟು ಬರೆದರೆ ರೋಗಿಯ ಕಡೆಯವರು ಹೊಡೆಯಲು ಬರುತ್ತಿದ್ದರು.

ಇಷ್ಟರಲ್ಲಿ ಒಂದು ವಿಷಯ ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ಕಂಪೆನಿ ಅವಳಿಗೆ ಒಂದೇ ಒಂದು ಕೊಳವೆ ಕೊರೆಯಲು ಒಪ್ಪಿತ್ತು. ಅದರಲ್ಲಿ ಅದಿರು ಕಾಣದಿದ್ದರೆ ಎಲ್ಲ ಮಡಚಿಕೊಂಡು ಹೋಗುವುದು. ಐವತ್ತು ದಾಟಿದ, ಮುಂದಿನ ಕೆಲಸ ಯಾರು ಕೊಡುತ್ತಾರೋ ಗೊತ್ತಿಲ್ಲದ ನನ್ನ ತಂಗಿಗೆ ಅದು ಕೊನೆಯ ಅವಕಾಶ. ಜಡೆ ಹಾಕುವಾಗ ನೋಡಿದೆ, ಅವಳ ನೆತ್ತಿಯಲ್ಲಿ ಕೂದಲು ಉದುರಿ ಬೋಳಾಗಿತ್ತು. ಆ ಜಾಗ ಮುಚ್ಚುವಂತೆ ಬಾಚಿ ಹೆಣೆದೆ.

ಉಣ್ಣೆ ಕಟ್ಟಿದ ಬಂಡೆ

ಶಶಿಗೆ ಸುತ್ತಿಗೆ ಹಿಡಿಯಲು ಆಗುತ್ತಿರಲಿಲ್ಲ. ಅವಳ ಸಹಾಯಕ ಜ್ವರ ಬಂದು ಮಲಗಿದ. ಪಶ್ಚಿಮದ ಕೊನೆಯ ಬಂಡೆಯೊಂದು ಬಾಕಿ ಇತ್ತು. ಆ ಬದಿಯಲ್ಲಿ ನೆಲದಿಂದ ಎದ್ದದ್ದು ಅದೊಂದೇ ಬಂಡೆ.

"ನಾನು ಒಡೆದು ತರ್ತೇನೆ. ತೆಂಗಿನಕಾಯಿ ಒಡೆಯುವವಳಿಗೆ ಕಲ್ಲು ಎಂತ ಮಹಾ?" ಎಂದು ಹೊರಟೆ.

ಜೀಪಿನ ಚಕ್ರ ದಾರಿಯಲ್ಲಿ ಪಂಕ್ಚರ್ ಆಯಿತು. ಎಲ್ಸಾ ಅದನ್ನು ಬದಲಿಸಲು ಕೂತಳು, ಹೋಗಬೇಕಾದ ಗುಡ್ಡವನ್ನು ಬೆರಳಿನಿಂದ ತೋರಿಸಿದಳು. ನಾನೊಬ್ಬಳೇ ಸುತ್ತಿಗೆ, ಬಟ್ಟೆಯ ಚೀಲ, ಶಶಿ ನಂಬರು ಬರೆದುಕೊಟ್ಟ ಚೀಟಿ ಹಿಡಿದು ನಡೆದೆ.

ಬಂಡೆ ಸಿಕ್ಕಿತು. ಅದರ ಕೊರಳಿನಂತಹ ಜಾಗಕ್ಕೆ ಕೆಂಪು, ಹಳದಿ ಉಣ್ಣೆಯ ದಾರ ಸುತ್ತಿದ್ದರು. ಬುಡದಲ್ಲಿ ಸಣ್ಣ ಕಲ್ಲುಗಳ ರಾಶಿ, ಒಣಗಿದ ಎಲೆಗಳು, ಸುಟ್ಟ ಸಿಗರೇಟಿನ ತುಂಡುಗಳು, ಒಂದು ಖಾಲಿ ವೈನಿನ ಬಾಟಲಿ. ಸುತ್ತ ಗಾಳಿ ಬಿಟ್ಟರೆ ಒಂದು ಶಬ್ದ ಇಲ್ಲ.

ನನಗೆ ಗೊತ್ತಿಲ್ಲದೆಯೇ ಚಪ್ಪಲಿ ಬಿಟ್ಟಿದ್ದೆ. ಕಾಲಡಿಗೆ ಚೂಪು ಕಲ್ಲು ಚುಚ್ಚಿದಾಗಲೇ ಎಚ್ಚರವಾದದ್ದು. ಯಾರ ಸ್ಥಳವೋ, ಯಾವ ಶಕ್ತಿಯೋ, ಕಾರಣಿಕದ ಜಾಗ ಎಂದು ಮಾತ್ರ ತಿಳಿಯಿತು. ತುಳುನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಗನ ಕಲ್ಲಿಗೆ ಸುತ್ತಿಗೆ ಹಾಕು ಎಂದು ಯಾರಾದರೂ ಹೇಳಿದರೆ ನಾವು ಕೇಳುತ್ತೇವೆಯೇ? ಅದು ಯಾವ ದೇಶದಲ್ಲಿದ್ದರೆ ಏನು?

ಕೈಮುಗಿದು ಹಿಂದೆ ಬಂದೆ. ಕೆಳಗೆ ನೀರು ಬತ್ತಿದ ತೋಡಿನಲ್ಲಿ ಒಂದು ಹಸಿರು ಕಲ್ಲು ಬಿದ್ದಿತ್ತು. ಒಡೆದರೆ ಒಳಗೆ ಒಳ್ಳೆಯ ಪಿಸ್ತಾ ಬಣ್ಣ. ಇದೇ ಗುಡ್ಡದ ಕಲ್ಲಲ್ಲವೇ, ಇಲ್ಲಿನದಾದರೇನು ಅಲ್ಲಿನದಾದರೇನು ಎಂದುಕೊಂಡು ಅದನ್ನು ಚೀಲಕ್ಕೆ ಹಾಕಿ, ಚೀಟಿ ಇಟ್ಟು, ಬಾಯಿ ಕಟ್ಟಿದೆ. ಎಷ್ಟು ಚಂದದ ಕಲ್ಲು ತಂದೆ ಎಂದು ಶಶಿ ಹೊಗಳಿದಳು. ನನಗೂ ಖುಷಿಯಾಯಿತು.

ಊಟದ ಮೇಜಿನ ನಕ್ಷೆ

ಲ್ಯಾಬಿನ ಉತ್ತರ ಬರುವಾಗ ಜುಲೈ ಅರ್ಧ ಕಳೆದಿತ್ತು. ಶಶಿ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂತಳು. ಮತ್ತೆ ಏಳಲೇ ಇಲ್ಲ.

ಪೂರ್ವದ ಬಂಡೆಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: ಪಶ್ಚಿಮಕ್ಕೆ ಹೋದಷ್ಟೂ ಮಸಿ ಹೆಚ್ಚು, ಒಲೆ ಆ ಬದಿಗೆ. ಆದರೆ ಪಶ್ಚಿಮದ ಕೊನೆಯ ಕಲ್ಲು ಮಾತ್ರ ಬರೇ ಹೊಗೆ ತೋರಿಸುತ್ತಿತ್ತು. ಹಾಗಾದರೆ ಒಲೆ ನಡುವೆ ಎಲ್ಲೋ ಬಯಲಿನಲ್ಲಿ ಇರಬೇಕೆಂದು ಶಶಿ ಒಂದು ಗುರುತು ಹಾಕಿದಳು. ಅಳಿಸಿದಳು. ಮತ್ತೆ ಹಾಕಿದಳು.

"ಇದೊಂದು ಸರಿ ಕೂರುವುದಿಲ್ಲ ಅಕ್ಕ. ಲ್ಯಾಬಿನವರದ್ದು ತಪ್ಪಾ, ನನ್ನ ಲೆಕ್ಕ ತಪ್ಪಾ, ಗೊತ್ತಾಗುವುದಿಲ್ಲ. ಕೊರೆಯುವವರಿಗೆ ಜಾಗ ಹೇಳಲಿಕ್ಕೆ ಉಂಟು."

ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು. ಎಲ್ಸಾ ಮಾಡಿದ ಕುಂಬಳದ ಸೂಪು ಆರಿ ಕೆನೆಗಟ್ಟಿತು. ನನಗೆ ಆಗಲೂ ಹೊಳೆಯಲಿಲ್ಲ. ಕಲ್ಲೆಂದರೆ ಇದ್ದಲ್ಲೇ ಇರುವ ವಸ್ತು ಎಂದು ನನ್ನ ತಿಳಿವಳಿಕೆ. ಅವಳನ್ನು ಬೇರೆ ಕಡೆಗೆ ಎಳೆಯೋಣವೆಂದು, "ಆ ತೋಡು ಎಲ್ಲಿಂದ ಬರ್ತದೆ ಶಶಿ? ಒಂದು ಹನಿ ನೀರಿಲ್ಲ, ತೋಡು ಮಾತ್ರ ಉಂಟು" ಎಂದು ಕೇಳಿದೆ.

"ಮೇಲಿನ ಬೆಟ್ಟದಿಂದ. ಯಾವಾಗಲೋ ಒಮ್ಮೆ ಮಳೆ ಬಂದ್ರೆ ದೂರದ ಕಲ್ಲನ್ನೆಲ್ಲ ತಂದು ಹಾಕ್ತದೆ. ಅದಕ್ಕೇ ತೋಡಿನ ಕಲ್ಲನ್ನು ನಾವು ಮುಟ್ಟುವುದಿಲ್ಲ."

ನಾನು ಚೀಟಿ ಇಟ್ಟು ಕಟ್ಟಿ ತಂದದ್ದು ತೋಡಿನ ಕಲ್ಲೇ. ಒಬ್ಬ ರೋಗಿಯ ಚೂರಿಗೆ ಇನ್ನೊಬ್ಬನ ಚೀಟಿ ಅಂಟಿಸುವುದೆಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳದಿದ್ದರೆ ಕೊಳವೆ ಬಯಲಿನಲ್ಲಿ ಇಳಿಯುತ್ತದೆ, ಬಂಡೆ ತನ್ನಷ್ಟಕ್ಕೆ ಇರುತ್ತದೆ. ಹೇಳಿದರೆ ಮತ್ತೆ ಯಾರೋ ಸುತ್ತಿಗೆ ಹಿಡಿದು ಅಲ್ಲಿಗೇ ಹೋಗಬೇಕು. ಹೀಗೆಲ್ಲ ಯೋಚಿಸಿದೆ ಎಂದು ಈಗ ಬರೆಯಬಹುದು. ಆಗ ಯೋಚಿಸಿದ್ದು ಅವಳ ನೆತ್ತಿಯನ್ನು ಮಾತ್ರ. ಹೇಳಿಬಿಟ್ಟೆ.

"ಅಕ್ಕಾ! ನೀನು ಪೆಥಾಲಜಿಯಲ್ಲಿ ಇದ್ದವಳಾ?" ಶಶಿ ಎದ್ದು ನಿಂತಳು. ಮುಖ ಕೆಂಪಾಗಿತ್ತು. "ಒಂದು ಏಟು ಹಾಕ್ಲಿಕ್ಕೆ ಎಂತಾಗಿತ್ತು ನಿಂಗೆ?"

"ಅದು ಕಾರಣಿಕದ ಸ್ಥಳ. ದಾರ ಕಟ್ಟಿದ್ದಾರೆ, ಎಲೆ ಇಟ್ಟಿದ್ದಾರೆ. ನಾನು ಹೇಗೆ ಹೊಡೆಯುವುದು?"

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟು ಕೂತಳು.

"ನಾನು ದೂರದಿಂದ ಬೈನಾಕ್ಯುಲರಿನಲ್ಲಿ ನೋಡಿ ಗುರುತು ಹಾಕಿದ್ದು. ಹತ್ತಿರ ಹೋಗಿರಲಿಲ್ಲ" ಎಂದಳು. ಸೂಪಿನ ಬಟ್ಟಲು ಹತ್ತಿರ ಎಳೆದುಕೊಂಡು, "ಹೋಗಿದ್ರೆ ನಾನೂ ಹೊಡೀತಿರಲಿಲ್ಲವೋ ಏನೋ" ಎಂದಳು.

ಇಬ್ಬರೂ ಆರಿದ ಸೂಪು ಕುಡಿದೆವು.

ಮತ್ತೆ ಬಂಡೆಯ ಬಳಿ

ಎಲ್ಸಾಳಿಗೆ ವಿಷಯ ತಿಳಿದಾಗ ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ದಾರದಲ್ಲಿ ಅವಳು ಕಟ್ಟಿದ್ದೂ ಇತ್ತಂತೆ. ಶಶಿ ಅವಳ ಮಾತನ್ನು ನನಗೆ ದಾಟಿಸಿದಳು: "ಓಡಿ ಬಂದದ್ದು ಎಂತಕ್ಕೆ ಅಂತ ಕೇಳ್ತಾಳೆ. ಬೇಕಾದ್ರೆ ಕೇಳಬೇಕಿತ್ತಂತೆ."

ಕೇಳುವುದೆಂದರೆ ಏನು? ಮರುದಿನ ಬೆಳಿಗ್ಗೆ ಮೂವರೂ ಹೋದೆವು. ಎಲ್ಸಾ ನೆಲದಲ್ಲಿ ಸಣ್ಣ ಗುಂಡಿ ತೋಡಿ ವೈನು ಸುರಿದಳು, ಸಿಗರೇಟು ಹಚ್ಚಿ ಮಣ್ಣಿಗೆ ಊರಿದಳು. ನಮ್ಮಲ್ಲಿ ಶೇಂದಿ, ಎಳನೀರು, ವೀಳ್ಯದೆಲೆ. ಇಲ್ಲಿ ವೈನು, ಸಿಗರೇಟು, ಅವರು ಜಗಿಯುವ ಕೋಕಾ ಎಲೆ. ಆದರೆ ಊರಲ್ಲಿ ದೈವ ಪಾತ್ರಿಯ ಮೈಮೇಲೆ ಬಂದು ಅವನ ಬಾಯಿಂದ ಮಾತಾಡುತ್ತದೆ, ಅಭಯ ಕೊಡುತ್ತದೆ, ಗದರಿಸುತ್ತದೆ. ಇಲ್ಲಿ ಎಲ್ಸಾ ಒಂದು ಹಿಡಿ ಎಲೆಯನ್ನು ಬಟ್ಟೆಯ ಮೇಲೆ ಬಿಟ್ಟು, ಬಿದ್ದ ರೀತಿ ನೋಡಿದಳು, ಅಷ್ಟೇ. ನಾನೂ ಬಗ್ಗಿ ನೋಡಿದೆ. ನನಗೆ ಕಂಡದ್ದು ಎಲೆ.

"ಚೂರು ತೆಗೆಯಬಹುದಂತೆ" ಎಂದಳು ಶಶಿ.

ಎಲ್ಸಾ ಸುತ್ತಿಗೆಯನ್ನು ನನ್ನ ಕೈಗೇ ಕೊಟ್ಟಳು. ಹೆದರಿದವಳೇ ಹೊಡೆಯಬೇಕಂತೆ. ಹೊಡೆದೆ. ಸುತ್ತಿಗೆ ಪುಟಿದು ನನ್ನ ಹಣೆಗೆ ಬರುವುದಿತ್ತು. ಮತ್ತೆ ಹೊಡೆದೆ. ಕೊನೆಗೆ ಮುಷ್ಟಿಯಷ್ಟು ಚೂರು ಕಳಚಿತು. ಕಡುಹಸಿರು, ಒಂದಿಷ್ಟೂ ಚಂದ ಇಲ್ಲ. ಈ ಸಲ ನಂಬರಿನ ಚೀಟಿಯನ್ನು ಎರಡೆರಡು ಸಲ ಓದಿ ಹಾಕಿದೆ.

ಶಶಿ ಕಾಡಿ ಬೇಡಿ ಲ್ಯಾಬಿನಿಂದ ಬೇಗ ಉತ್ತರ ತರಿಸಿಕೊಂಡಳು. ಚಂದ ಇಲ್ಲದ ಆ ಚೂರಿನಲ್ಲಿ ಎಲ್ಲ ಬಂಡೆಗಳಿಗಿಂತ ಹೆಚ್ಚು ಮಸಿ ಇತ್ತು. ಶಶಿ ನಕ್ಷೆಯ ಗುರುತನ್ನು ಅಳಿಸಿ ಪಶ್ಚಿಮಕ್ಕೆ ಸರಿಸಿದಳು. ಅದು ಹೋಗಿ ನಿಂತದ್ದು ಬಂಡೆಯ ಅಡಿಯಲ್ಲಿ.

ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಪೆನ್ಸಿಲು ಕೆಳಗಿಟ್ಟಳು.

"ತಾಮ್ರ ಸಿಕ್ಕಿದ್ರೆ ಎಂತ ಮಾಡ್ತಾರೆ?" ಎಂದು ಕೇಳಿದೆ. ಇಷ್ಟು ದಿನ ಕೇಳದೆ ಉಳಿದ ಪ್ರಶ್ನೆ.

"ಗುಡ್ಡ ತೆಗೀತಾರೆ. ಈಗಲ್ಲ, ವರ್ಷಗಳಾಗ್ತದೆ. ಆದ್ರೆ ತೆಗೀತಾರೆ."

"ಎಲ್ಸಾಗೆ ಹೇಳು."

"ಅವಳಿಗೆ ಗೊತ್ತುಂಟು ಅಕ್ಕ. ಅವಳ ಅಪ್ಪ ಗಣಿಯಲ್ಲಿ ಇದ್ದವರು. ಅಣ್ಣ ಈಗಲೂ ಅಲ್ಲೇ."

"ಆದ್ರೂ ಹೇಳು."

ಶಶಿ ಹೇಳಿದಳು. ಎಲ್ಸಾ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸದೆ ಏನೋ ಅಂದಳು. ಶಶಿ ಅದನ್ನು ನನಗೆ ತುಳುವಿನಲ್ಲಿ ಹೇಳಿದಳು.

"ಚೂರು ತೆಗೀಲಿಕ್ಕೆ ಕೇಳಿದ್ದೇವೆ, ಗುಡ್ಡ ತೆಗೀಲಿಕ್ಕೆ ಇನ್ನೂ ಕೇಳಿಲ್ಲ ಅಂತಾಳೆ."

ಅದು ಬೈಗುಳವೋ, ಸಮಾಧಾನವೋ, ಬರೇ ಮಾತೋ ನನಗೆ ತಿಳಿಯಲಿಲ್ಲ. ಎಲ್ಸಾಳ ಬೆನ್ನು ನೋಡಿದೆ. ಬೆನ್ನಿನಿಂದ ಏನೂ ಗೊತ್ತಾಗುವುದಿಲ್ಲ.

ಯಂತ್ರ ಬಂದ ದಿನ

ಕೊರೆಯುವ ಯಂತ್ರ ಆಗಸ್ಟಿನಲ್ಲಿ ಬಂತು. ಊರಲ್ಲಿ ಅದು ಆಟಿ ತಿಂಗಳು. ಹೊಸ ಕೆಲಸಕ್ಕೆ ನಾವು ಕೈಹಾಕದ ಕಾಲ. ಅಲ್ಲಿ ಆಗಸ್ಟ್ ಎಂದರೆ ಭೂಮಿತಾಯಿ ಬಾಯಿ ತೆರೆಯುವ ತಿಂಗಳು, ಅವಳಿಗೆ ಉಣಿಸಿಯೇ ಮುಂದಿನ ಕೆಲಸ. ಎರಡರಲ್ಲಿ ಯಾವುದನ್ನು ಪಾಲಿಸಬೇಕು? ಯಂತ್ರದವರು ಎರಡನ್ನೂ ಕೇಳುವವರಲ್ಲ ಎಂದುಕೊಂಡಿದ್ದೆ. ಆದರೆ ಹೆಲ್ಮೆಟ್ಟು ಹಾಕಿದ ಆ ದೈತ್ಯರೆಲ್ಲ ಎಲ್ಸಾಳ ಮುಂದೆ ಹೆಲ್ಮೆಟ್ಟು ತೆಗೆದು ಸಾಲಾಗಿ ನಿಂತರು.

ಬಂಡೆಯ ಮೇಲೆ ಯಂತ್ರ ಇಡುವುದು ಬೇಡವೆಂದು ಶಶಿ ಹಟ ಹಿಡಿದಿದ್ದಳು. ಬಯಲಿನಲ್ಲಿ ನಿಲ್ಲಿಸಿ ಓರೆಯಾಗಿ ಕೊರೆದು, ಬಂಡೆಯ ಅಡಿಗೆ ಹೋಗುವಂತೆ ಕೋನ ಹಿಡಿದರು. ಮೇಲಿನದು ಅಲುಗದೆ ಕೆಳಗೆ ಹೋಗುವುದು. ಇದೂ ಒಂದು ಮರ್ಯಾದೆಯೇ ಅಥವಾ ಕಣ್ಣು ತಪ್ಪಿಸುವುದೇ ಎಂದು ನಾನು ಕೇಳಲಿಲ್ಲ.

ಎಲ್ಸಾ ಒಬ್ಬೊಬ್ಬರಿಗೂ ಗ್ಲಾಸು ಕೊಟ್ಟು ಗುಂಡಿಗೆ ವೈನು ಸುರಿಸಿದಳು. ನನ್ನ ಸರದಿ ಬಂತು. ಏನು ಬೇಡಬೇಕೆಂದು ನನಗೆ ತಿಳಿಯಲಿಲ್ಲ. ಬದಿಯಲ್ಲಿ ಶಶಿ ಕಣ್ಣುಮುಚ್ಚಿ ನಿಂತಿದ್ದಳು, ಪ್ಲಾಸ್ಟರು ಬಿಚ್ಚಿದ ಕೈ ಇನ್ನೂ ಸಣಕಲಾಗಿತ್ತು. ತಂಗಿಗೆ ತಾಮ್ರ ಸಿಗಲಿ ಎಂದೆ. ಸಿಗದಿರಲಿ ಎಂದೂ ಅಂದೆ. ಎರಡನ್ನೂ ತುಳುವಿನಲ್ಲೇ ಅಂದೆ. ಕೇಳಿಸಿಕೊಂಡವರು ಬೇಕಾದ್ದನ್ನು ಇಟ್ಟುಕೊಳ್ಳಲಿ ಎಂದು ಗ್ಲಾಸು ಬೋರಲು ಹಾಕಿದೆ.

ನನ್ನ ವೀಸಾ ಮುಗಿಯುವಾಗ ಯಂತ್ರ ಇನ್ನೂ ಜಲ್ಲಿಯಲ್ಲೇ ತಿರುಗುತ್ತಿತ್ತು. ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಎಲ್ಸಾ ಭುಜ ಹಿಡಿದಾಗ ಈ ಸಲ ನಾನೇ ಕೆನ್ನೆ ಒಡ್ಡಿದೆ. ಅವಳು ಅದೇ ಹೊತ್ತಿಗೆ ಕೈಮುಗಿದಿದ್ದಳು.

ಬಿಜೈ

ಫೋನು ಬಂದಾಗ ನಾನು ಮಾರ್ಕೆಟಿನಿಂದ ಬಂದು ಬಂಗುಡೆ ತೊಳೆಯುತ್ತಿದ್ದೆ. ಮೊಣಕೈಯಿಂದ ಒತ್ತಿ ವಿಡಿಯೊ ತೆರೆದೆ.

"ಸಿಕ್ಕಿತು ಅಕ್ಕ!" ಶಶಿ ಅಳುತ್ತಿದ್ದಳು, ನಗುತ್ತಿದ್ದಳು. ಕೊರೆದು ತೆಗೆದ ಕಲ್ಲಿನ ಉದ್ದದ ಕೋಲನ್ನು ಕ್ಯಾಮೆರಾಕ್ಕೆ ಹಿಡಿದಳು. ಬೂದು ಕಲ್ಲಿನ ತುಂಬ ಹಿತ್ತಾಳೆ ಬಣ್ಣದ ಅದಿರಿನ ಮಿನುಗು. "ಇಡೀ ಪೆಟ್ಟಿಗೆ ಹೀಗೆ ಉಂಟು. ಮುಂದಿನದ್ದೂ ಹೀಗೇ. ಇನ್ನೂ ಕೊಳವೆ ಕೊಡ್ತಾರಂತೆ, ನನ್ನನ್ನೇ ಇಟ್ಕೊಳ್ತಾರಂತೆ!"

ನನಗೆ ಸಂತೋಷವಾಯಿತು. ಅದರಲ್ಲಿ ಸುಳ್ಳಿಲ್ಲ. ಮೀನಿನ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿ ಬರಿಸಿಕೊಂಡೆ. ಊಟ ಮಾಡಿದೆಯಾ, ಜಡೆ ಯಾರು ಹಾಕಿದ್ದು ಎಂದು ಏನೇನೋ ಕೇಳಿದೆ. ಅವಳ ಹಿಂದೆ ದೂರದಲ್ಲಿ ಜೀಪಿಗೆ ಒರಗಿ ಎಲ್ಸಾ ನಿಂತಿದ್ದಳು. ಕೈ ಬೀಸಿದಳೋ, ಬಿಸಿಲಿಗೆ ಅಡ್ಡ ಹಿಡಿದಳೋ, ಅಷ್ಟು ಸಣ್ಣ ಪರದೆಯಲ್ಲಿ ಕಾಣಲಿಲ್ಲ.

"ಶಶಿ, ಆ ಬಂಡೆ?"

ಅವಳು ಒಮ್ಮೆ ಹಿಂದೆ ತಿರುಗಿ ನೋಡಿದಳು.

"ಸದ್ಯಕ್ಕೆ ಉಂಟು ಅಕ್ಕ" ಎಂದಳು.